ಸಿರಿಗೆ ಬೆದೆ ಬಂದರೆ ಲಾಯವೇ ನಡುಗುತ್ತೆ. ಹೆಣ್ಣು ಕುದುರೆ ಸಾಕಿದವರು ಸ್ವಲ್ಪ ದಾರಿ ಹೇಳಿ

ಕನಕಪುರ_ರೋಡ್

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎರಡು ಕುದುರೆ ಇವೆ. ಒಂದು ಬೀಜ ತೆಗೆಸಿದ ಗಂಡು, ಹದಿನಾಲ್ಕು ವರ್ಷ, ಬಲು ಸಾಧು. ಇನ್ನೊಂದು ಸಿರಿ. ರೇಸ್ ಬಿಟ್ಟು ಬಂದ ಥರೋಬ್ರೆಡ್, ಏಳು ವರ್ಷ, ಸುಮಾರು 450 ಕೆಜಿ. ತಂದು ಹದಿನಾಲ್ಕು ತಿಂಗಳಾಯ್ತು.

ಒಳ್ಳೆ ದಿನ ಇದ್ದಾಗ ಸಿರಿಯಂಥ ಕುದುರೆ ಇಲ್ಲ. ತಿಂಗಳಿಗೊಮ್ಮೆ ಕೆಟ್ಟ ದಿನ ಬಂದರೆ ಹತ್ತಿರ ಹೋಗೋಕೂ ಭಯ. ಹೋದ ಭಾನುವಾರದ ಕಥೆ ಕೇಳಿ. ಗಿರ್ತ್ (ಜೀನಿನ ಹೊಟ್ಟೆಪಟ್ಟಿ) ಎಳೆದು ಎರಡನೇ ತೂತಿಗೆ ಹಾಕಿದಾಗ ಕಿವಿ ಹಿಂದಕ್ಕೆ ಹೋಯ್ತು. ಮೂರನೇ ತೂತಿಗೆ ಕಿರ್ರೆಂದು ಕಿರುಚಿ, ಹಿಂಗಾಲು ಎತ್ತಿ ಬಕೆಟ್ಟಿಗೆ ಒದ್ದಳು. ಆಮೇಲೆ ಬಾಲ ಎತ್ತಿ ಅಲ್ಲೇ ಉಚ್ಚೆ ಹೊಯ್ದಳು. ನನ್ನ ಮಗಳ ಹೆಲ್ಮೆಟ್ ಕೆಳಗೆ ಮಗುಚಿ ಇಟ್ಟಿತ್ತು. ಸರಿಯಾಗಿ ಅದರೊಳಕ್ಕೆ.

ಕುದುರೆ ನೋಡಿಕೊಳ್ಳೋ ನಮ್ಮ ಸೈಸ್ ಹೇಳುವುದು ಒಂದೇ ಮಾತು: "ಇದು ಬೆದೆ ಕಾಟ ಅಕ್ಕಾ, ಒಂದು ಮರಿ ಹಾಕಿಸಿಬಿಡಿ, ತಣ್ಣಗಾಗ್ತಾಳೆ." ಮರಿ ಸಾಕುವ ಜಾಗವೂ ಇಲ್ಲ, ದುಡ್ಡೂ ಇಲ್ಲ. ಹಾರ್ಮೋನ್ ಔಷಧಿ ಇದೆ ಅಂತ ಕೇಳಿದೆ. ಯಾರಾದ್ರೂ ಕೊಟ್ಟು ನೋಡಿದ್ದೀರಾ?

ಟಾಂಗಾ_ಮೈಸೂರು

ಅಕ್ಕಾ, ನಮ್ಮ ತಾತನ ಕಾಲದಿಂದ ಟಾಂಗಾ ಇದೆ ನಮ್ಮ ಮನೇಲಿ. ಹೆಣ್ಣು ಕುದುರೆ ಬೆದೆಗೆ ಬಂದ ನಾಲ್ಕೈದು ದಿನ ತಾತ ಗಾಡಿಗೇ ಕಟ್ಟುತ್ತಿರಲಿಲ್ಲ. ದಸರಾ ಸೀಸನ್ ಆದ್ರೂ ಅಷ್ಟೇ. "ಅದಕ್ಕೂ ರಜಾ ಬೇಕು ಕಣೋ" ಅನ್ನೋರು. ಬಾಡಿಗೆ ಹೋಯ್ತು ಅಂತ ಅಜ್ಜಿ ಬೈಯೋರು, ಅದು ಬೇರೆ ಮಾತು.

ಪಕ್ಕದಲ್ಲಿ ಬೀಜದ ಕುದುರೆ ಇದ್ದರೆ ಇನ್ನೂ ಕಷ್ಟ. ನಾವು ಗಂಡಿನ ಮೂಗಿಗೆ ಸ್ವಲ್ಪ ವಿಕ್ಸ್ ಸವರ್ತೀವಿ. ಹೆಣ್ಣಿನ ವಾಸನೆ ಗೊತ್ತಾಗದೆ ಅದು ಸುಮ್ನೆ ಇರುತ್ತೆ. ನಿಮ್ಮಲ್ಲಿ ಬೀಜದ ಕುದುರೆ ಇಲ್ಲವಲ್ಲ, ಅಷ್ಟು ಪುಣ್ಯ.

ಜೀನು_ಲಗಾಮು

ಹದಿನೈದು ವರ್ಷದಿಂದ ಮಕ್ಕಳಿಗೆ ಸವಾರಿ ಕಲಿಸ್ತಿದ್ದೀನಿ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಂಡು ಕುದುರೆ ಕಚ್ಚಿದರೆ "ತುಂಟ" ಅಂತೀವಿ. ಹೆಣ್ಣು ಕುದುರೆ ಕಚ್ಚಿದರೆ "ಹಾರ್ಮೋನ್" ಅಂತೀವಿ. ನಾನೂ ಹಾಗೇ ಅಂದ್ಕೊಂಡು ವರ್ಷಗಟ್ಟಲೆ ತಪ್ಪು ಮಾಡಿದ್ದೀನಿ.

ನನ್ನ ಮೊದಲ ಪ್ರಶ್ನೆ: ಕೆಟ್ಟ ದಿನಗಳು ಯಾವಾಗ ಬರ್ತವೆ ಅಂತ ಬರೆದಿಟ್ಟಿದ್ದೀರಾ? "ತಿಂಗಳಿಗೊಮ್ಮೆ" ಅನ್ನೋದು ನೆನಪಿನ ಲೆಕ್ಕವೋ, ಕ್ಯಾಲೆಂಡರ್ ಲೆಕ್ಕವೋ?

ಕನಕಪುರ_ರೋಡ್

ನೆನಪಿನ ಲೆಕ್ಕ. 😬

ದನದ_ಡಾಕ್ಟ್ರು

ಸಿಕ್ಕಿಬಿದ್ರಿ. ನಾನು ಪಶುವೈದ್ಯ. ಹೆಸರಿಗೆ ದನದ ಡಾಕ್ಟ್ರು, ಆದರೆ ಎಂಟು ವರ್ಷ ಕುದುರೆಗಳ ಜೊತೆ ಕೆಲಸ ಮಾಡಿದ್ದೀನಿ. ಸಿರಿಯನ್ನು ನೋಡದೆ ರೋಗ ಹೇಳಲ್ಲ, ಸಾಮಾನ್ಯ ವಿಷಯ ಹೇಳ್ತೀನಿ.

ಹೆಣ್ಣು ಕುದುರೆಯ ಚಕ್ರ ಸುಮಾರು 21 ದಿನ. ಅದರಲ್ಲಿ ಐದರಿಂದ ಏಳು ದಿನ ಬೆದೆ. ಬೆದೆ ಮುಗಿಯೋಕೆ ಒಂದೆರಡು ದಿನ ಮುಂಚೆ ಅಂಡ ಬಿಡುಗಡೆ ಆಗುತ್ತೆ. ಉಳಿದ ಎರಡು ವಾರ ಬೆದೆ ತಡೆಯುವ ಪ್ರೊಜೆಸ್ಟರಾನ್ ಹಾರ್ಮೋನಿನ ಕಾಲ, ಆಗ ಗಂಡನ್ನು ಕಂಡರೆ ಆಗಲ್ಲ. ಹಸುವಿಗೂ 21 ದಿನವೇ. ಆದರೆ ಹಸುವಿನ ಬೆದೆ ಒಂದು ದಿನದೊಳಗೆ ಮುಗಿದುಹೋಗುತ್ತೆ, ಕುದುರೆದು ವಾರ ಎಳೆಯುತ್ತೆ. ಅದಕ್ಕೇ ಕುದುರೆ ಸಾಕಿದವರ ಗೋಳು ಜಾಸ್ತಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನಿಜವಾದ ಬೆದೆಯಲ್ಲಿ ಕುದುರೆ ಸಾಮಾನ್ಯವಾಗಿ ಮೆತ್ತಗಾಗುತ್ತೆ. ಹಿಂಗಾಲು ಅಗಲಿಸಿ ನಿಲ್ಲುತ್ತೆ, ಬಾಲ ಪಕ್ಕಕ್ಕೆ ಸರಿಸುತ್ತೆ, ಯೋನಿಯ ತುಟಿಗಳನ್ನು ಬಿಚ್ಚಿ ಮುಚ್ಚಿ ಮಾಡುತ್ತೆ, ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುತ್ತೆ, ಗಂಡಿನ ಕಡೆಗೆ ಒರಗುತ್ತೆ. ಕಿರುಚಿ, ಕಿವಿ ಹಿಂದಕ್ಕಿಟ್ಟು, ಒದೆಯುವುದು ಹೆಚ್ಚಾಗಿ ಬೆದೆ ಇಲ್ಲದ ದಿನದ ಮಾತು. ಅಥವಾ ನೋವಿನ ಮಾತು. ಕುದುರೆ ಮರಿ ಮಾಡಿಸುವ ಸ್ಟಡ್ ಫಾರ್ಮಿನಲ್ಲಿ ಟೀಸರ್ ಅನ್ನೋ ಗಂಡು ಕುದುರೆಯನ್ನು ಹತ್ತಿರ ತಂದು ನೋಡೋದು ಇದನ್ನೇ: ಒದ್ದರೆ ಇವತ್ತಲ್ಲ, ಒರಗಿದರೆ ಇವತ್ತು.

ಗಿರ್ತ್ ಕಟ್ಟಿದ ಕೂಡಲೇ ಉಚ್ಚೆ ಹೊಯ್ಯುವುದು ಭಯಕ್ಕೂ ಆಗುತ್ತೆ, ನೋವಿಗೂ ಆಗುತ್ತೆ. ನೋಡೋಕೆ ಮಾತ್ರ ಬೆದೆ ಥರಾನೇ ಕಾಣುತ್ತೆ.

ಹುರುಳಿಕಟ್ಟು

ಡಾಕ್ಟ್ರೇ, ಒಂದು ಡೌಟು. ಆಸ್ಪತ್ರೆಯಲ್ಲಿ ಹೆಂಗಸರಿಗೆ ಮೂರು ತಿಂಗಳಿಗೊಮ್ಮೆ ಗರ್ಭ ತಡೆಯೋ "ಅಂತರಾ" ಇಂಜೆಕ್ಷನ್ ಕೊಡ್ತಾರಲ್ಲ, ಅದನ್ನೇ ಕುದುರೆಗೆ ಕೊಡಿಸಿದ್ರೆ? ನಮ್ಮ ಕಡೆ ಒಬ್ಬರು ಕೊಡಿಸ್ತಾರೆ ಅಂತ ಕೇಳಿದೆ.

ಇನ್ನೊಂದು, ಬೇರೆ ದೇಶದಲ್ಲಿ ಕುದುರೆಗೆ ಚೇಸ್ಟ್‌ಬೆರಿ ಅಂತ ಗಿಡಮೂಲಿಕೆ ಕೊಡ್ತಾರೆ. ಅದು ನಮ್ಮ ಲಕ್ಕಿ ಗಿಡದ ಜಾತಿಯೇ ಅಂತೆ. ಬೇಲಿ ತುಂಬಾ ಲಕ್ಕಿ ಇದೆ ನಮ್ಮಲ್ಲಿ!

ದನದ_ಡಾಕ್ಟ್ರು

ಅಂತರಾದಲ್ಲಿ ಇರುವುದು ಮೆಡ್ರಾಕ್ಸಿಪ್ರೊಜೆಸ್ಟರಾನ್, ಪ್ರೊಜೆಸ್ಟರಾನ್ ಥರದ ಹಾರ್ಮೋನ್. ಹೆಂಗಸರಿಗೆ ಕೆಲಸ ಮಾಡುತ್ತೆ. ಕುದುರೆಗಳಿಗೆ ಕೊಟ್ಟು ಗಂಡಿನ ಎದುರು ನಿಲ್ಲಿಸಿ ಪರೀಕ್ಷೆ ಮಾಡಿದ್ದಾರೆ, ಬೆದೆ ನಿಲ್ಲಲಿಲ್ಲ. ಸುಮ್ನೆ ಚುಚ್ಚಿಸಿದ್ದಷ್ಟೇ ಬಂತು.

ಲಕ್ಕಿ ವಿಷಯ: ಎರಡೂ ಒಂದೇ ಕುಲ ನಿಜ. ಆದರೆ ಬದನೆಯೂ ಆಲೂಗಡ್ಡೆಯೂ ಒಂದೇ ಕುಲ. ಚೇಸ್ಟ್‌ಬೆರಿಗೇ ಕುದುರೆಗಳಲ್ಲಿ ಗಟ್ಟಿ ಆಧಾರ ಇಲ್ಲ, ಇನ್ನು ಲಕ್ಕಿಯನ್ನು ಯಾವ ಧೈರ್ಯದ ಮೇಲೆ ತಿನ್ನಿಸ್ತೀರಿ? ಸೊಳ್ಳೆಗೆ ಹೊಗೆ ಹಾಕಿ, ಲಾಯಕ್ಕೆ ಅಷ್ಟು ಉಪಕಾರ ಸಾಕು.

ಮೆಲ್ಬರ್ನ್_ಮಂಡ್ಯ

ಮಂಡ್ಯದವನು, ಇಲ್ಲಿ ಮೆಲ್ಬರ್ನ್ ಹತ್ತಿರ ಒಂದು ಕುದುರೆ ಲಾಯದಲ್ಲಿ ಕೆಲಸ. ಇಲ್ಲಿ ಜೂನ್ ಜುಲೈ ಚಳಿಗಾಲದಲ್ಲಿ ಹಗಲಿನ ಉದ್ದ ಒಂಬತ್ತೂವರೆ ಗಂಟೆಗೆ ಇಳಿಯುತ್ತೆ. ಆಗ ಹೆಚ್ಚಿನ ಹೆಣ್ಣು ಕುದುರೆಗಳ ಬೆದೆ ನಿಂತೇ ಹೋಗುತ್ತೆ, ಎಲ್ಲರಿಗೂ ನೆಮ್ಮದಿ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಮತ್ತೆ ಶುರುವಾಗುವಾಗ ಮಾತ್ರ ಗಲಾಟೆಯೋ ಗಲಾಟೆ. ಎರಡು ವಾರ, ಮೂರು ವಾರ ಬಿಡದೆ ಬೆದೆ. ಊರಲ್ಲೂ ಹಾಗೇನಾ ಡಾಕ್ಟ್ರೇ?

ಇಲ್ಲಿ ಹಾರ್ಮೋನ್ ವಿರುದ್ಧ ಒಂದು ಲಸಿಕೆಯೂ ಇದೆ. ಮೆದುಳಿನಿಂದ ಬರುವ ಜಿಎನ್‌ಆರ್‌ಎಚ್ ಅನ್ನೋ ಸಂಕೇತವನ್ನೇ ದೇಹ ಶತ್ರು ಅಂದುಕೊಳ್ಳೋ ಹಾಗೆ ಮಾಡುತ್ತೆ, ಅಂಡಾಶಯ ಮಲಗಿಬಿಡುತ್ತೆ. ಚುಚ್ಚಿದ ಜಾಗ ಊದಿಕೊಂಡು ಎರಡು ದಿನ ಕತ್ತು ತಿರುಗಿಸದ ಕುದುರೆಯನ್ನು ನೋಡಿದ್ದೀನಿ. ಮುಂದೆ ಮರಿ ಬೇಕು ಅನ್ನೋರು ಹಾಕಿಸಲ್ಲ. ಮತ್ತೆ ಬೆದೆಗೆ ಬರೋದು ಯಾವಾಗ ಅಂತ ಹೇಳೋಕೆ ಆಗಲ್ಲ.

ದನದ_ಡಾಕ್ಟ್ರು

ಒಳ್ಳೆ ಪ್ರಶ್ನೆ. ಕುದುರೆಯ ಬೆದೆಗೆ ಬೆಳಕೇ ಬೀಗದ ಕೈ. ರಾತ್ರಿ ಉದ್ದ ಆದಷ್ಟು ಕತ್ತಲಲ್ಲಿ ಬರುವ ಮೆಲಟೋನಿನ್ ಹಾರ್ಮೋನ್ ಜಾಸ್ತಿ, ಅದು ಚಕ್ರವನ್ನು ತಡೆಯುತ್ತೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ದೆಹಲಿಯಲ್ಲಿ ಅದು ಮೂರೂವರೆ ಗಂಟೆ ದಾಟುತ್ತೆ. ಹಾಗಾಗಿ ನಮ್ಮ ಕಡೆ ಹಲವು ಕುದುರೆಗಳು ವರ್ಷವಿಡೀ ಬೆದೆಗೆ ಬರ್ತಾನೇ ಇರ್ತವೆ. ಚಳಿಗಾಲದ ರಜೆ ನಮ್ಮ ಹಣೇಲಿ ಬರೆದಿಲ್ಲ.

ಸ್ಟಡ್ ಫಾರ್ಮಿನವರು ಇದನ್ನೇ ಉಲ್ಟಾ ಉಪಯೋಗಿಸ್ತಾರೆ. ನಮ್ಮ ದೇಶದಲ್ಲಿ ರೇಸ್ ಕುದುರೆಗಳಿಗೆಲ್ಲ ಹುಟ್ಟುಹಬ್ಬ ಜನವರಿ 1. ಮರಿ ಬೇಗ ಹುಟ್ಟಿದಷ್ಟೂ ಲಾಭ. ಅದಕ್ಕೇ ಲಾಯದಲ್ಲಿ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡ್ತಾರೆ. ಎರಡು ತಿಂಗಳಲ್ಲಿ ಕುದುರೆ "ಓ, ಬೇಸಿಗೆ ಬಂತು" ಅಂದುಕೊಳ್ಳುತ್ತೆ. ಅಂದ ಹಾಗೆ ಕನಕಪುರ_ರೋಡ್ ಅವರೇ, ಸಿರಿಯ ಲಾಯದಲ್ಲಿ ರಾತ್ರಿ ಲೈಟ್ ಉರಿಯುತ್ತಾ?

ಕನಕಪುರ_ರೋಡ್

ಹಾವಿನ ಭಯಕ್ಕೆ ಟ್ಯೂಬ್‌ಲೈಟ್ ಬೆಳಗಿನ ತನಕ ಉರಿಯುತ್ತೆ. ಅಯ್ಯೋ.

ದನದ_ಡಾಕ್ಟ್ರು

ಆರಿಸಿದ ಕೂಡಲೇ ಬೆದೆ ನಿಂತುಹೋಗುತ್ತೆ ಅಂತಲ್ಲ. ಆದರೂ ಲೈಟ್ ಅನ್ನು ಲಾಯದ ಹೊರಗೆ, ಬಾಗಿಲ ಬುಡಕ್ಕೆ ತಿರುಗಿಸಿ. ಹಾವೂ ಕಾಣುತ್ತೆ, ಕುದುರೆಯೂ ಮಲಗುತ್ತೆ.

ಇವತ್ತಿನಿಂದ ಕ್ಯಾಲೆಂಡರ್ ಶುರು ಮಾಡಿ. ಎರಡು ಚಕ್ರ ಆಗುವಷ್ಟು, ಅಂದ್ರೆ ಆರೇಳು ವಾರ. ಬೆದೆ ಲಕ್ಷಣ ಒಂದು ಕಡೆ, ಗಿರ್ತ್ ಗಲಾಟೆ ಇನ್ನೊಂದು ಕಡೆ. ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಬೇಡಿ. ನಿಮಗೆ ಬೇಕಾದ ಉತ್ತರ ಆ ಎರಡು ಕಾಲಂ ನಡುವೆ ಇದೆ.

ಬೆಳಗಾವಿ_ಬಿಳಿಕುದುರೆ

ನಮಸ್ಕಾರ್ರೀ. ಇಲ್ಲೆ ನಮ್ಮ ಕತಿನೂ ಒಂದ್ ಹೇಳ್ತೀನಿ, ಯಾಕಂದ್ರ ನಾವೂ ಒಂದು ವರ್ಷ "ಬೆದಿ, ಬೆದಿ" ಅಂದ್ಕೋತ ಕುಂತಿದ್ವಿ.

ಮದುವಿ ಮೆರವಣಿಗಿಗೆ ಒಂದು ಬಿಳಿ ಮಾರವಾಡಿ ಹೆಣ್ಣು ಕುದುರಿ ಇತ್ತು. ಬ್ಯಾಂಡ್ ಬಾರಿಸಿದ್ರೂ, ಪಟಾಕಿ ಹಾರಿಸಿದ್ರೂ ಅಲುಗಾಡತಿರಲಿಲ್ಲ. ಒಂದು ಮಳಿಗಾಲದಿಂದ ಅದರ ಬುದ್ಧಿನೇ ಬದಲಾತು. ಬ್ಯಾರೆ ಕುದುರಿ ಲದ್ದಿ ಮೂಸೋದು, ಮ್ಯಾಲ ತಾನೂ ಹಾಕೋದು. ಕುತ್ತಿಗಿ ಬಿಲ್ಲಿನಂಗ ಬಗ್ಗಿಸಿ, ಇನ್ನೊಂದು ಹೆಣ್ಣಿನ ಮ್ಯಾಲ ಹತ್ತಾಕ ಹೋಗೋದು. ಒಂದ್ ದಿನ ಮದುಮಗನ ಶೇರವಾನಿ ತೋಳಿಗೇ ಬಾಯಿ ಹಾಕ್ತು. ಪುಣ್ಯಾಕ ಬಟ್ಟಿ ಅಷ್ಟೇ ಸಿಕ್ಕಿತು.

ಆಗ ಡಾಕ್ಟರ್ ಕಡೆ ಒಯ್ದು ಸ್ಕ್ಯಾನ್ ಮಾಡಿಸಿದ್ವಿ. ಎಡಗಡೆ ಅಂಡಾಶಯ ತೆಂಗಿನಕಾಯಿಗಿಂತ ದೊಡ್ಡದು, ಒಳಗ ಜೇನುಗೂಡಿನಂಗ ತೂತು ತೂತು. ಬಲಗಡೆದು ಮುದುರಿ ಅಡಕಿಯಷ್ಟಾಗಿತ್ತು. ಗ್ರಾನುಲೋಸಾ ಗಡ್ಡಿ ಅಂದ್ರು.

ಜೀನು_ಲಗಾಮು

ಅಬ್ಬಾ. ಆಮೇಲೆ ಏನಾಯ್ತು?

ಬೆಳಗಾವಿ_ಬಿಳಿಕುದುರೆ

ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದ್ರು, ಎಎಂಎಚ್ ಅಂತ ಅಂಡಾಶಯದ ಹಾರ್ಮೋನ್ ಅಳೆಯೋ ಒಂದು ಟೆಸ್ಟ್. ಅದು ಬಾಳ ಜಾಸ್ತಿ ಬಂತು. ಗಡ್ಡಿ ಖರೇ ಅಂತ ಗೊತ್ತಾತು. ಆಪರೇಶನ್ ನಿಂತಲ್ಲೇ ಮಾಡಿದ್ರು. ಕುದುರಿಗೆ ಮಂಪರು ಕೊಟ್ಟು, ಪಕ್ಕಿ ಮರಗಟ್ಟಿಸಿ, ಅಲ್ಲಿಂದ ತಗದ್ರು. ನಾ ಅದರ ಕಿವಿ ಹಿಡ್ಕೊಂಡು ಮುಂದ ನಿಂತಿದ್ದೆ. ತೆಗೆದ ಗಡ್ಡಿ ಒಂದು ಬುಟ್ಟ್ಯಾಗ ಇಟ್ಟಿದ್ರು. ನೋಡಾಕ ಹೋಗಿ ನನಗ ತಲಿ ತಿರುಗಿ, ಕುದುರಿಗಿಂತ ಮೊದಲ ನನಗ ನೀರು ಕೊಡೋ ಪಾಳಿ ಬಂತು.

ಮೂರು ತಿಂಗಳಿಗೆ ಮೊದಲಿನ ಸ್ವಭಾವ ಬಂತು. ಉಳಿದ ಅಂಡಾಶಯ ಎದ್ದು ಬೆದಿ ಶುರುವಾಗಾಕ ಎಂಟು ತಿಂಗಳು ಹಿಡೀತು. ಖರ್ಚು ಕೇಳಬ್ಯಾಡ್ರಿ, ಎರಡು ಸೀಸನ್ ದುಡಿಮಿ ಹೋತು.

ದನದ_ಡಾಕ್ಟ್ರು

ಬೆಳಗಾವಿಯವರು ಹೇಳಿದ್ದನ್ನು ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕುದುರೆಯ ಅಂಡಾಶಯದಲ್ಲಿ ಅತಿ ಹೆಚ್ಚು ಕಾಣುವ ಗಡ್ಡೆ ಇದೇ. ಹೆಚ್ಚಾಗಿ ಒಂದೇ ಕಡೆ ಬರುತ್ತೆ, ಬೇರೆ ಕಡೆ ಹರಡುವುದು ಅಪರೂಪ. ಗಂಡಿನ ವರ್ತನೆ, ನಿಲ್ಲದ ಬೆದೆ, ಅಥವಾ ಬೆದೆಯೇ ಬರದಿರುವುದು: ಈ ಮೂರರಲ್ಲಿ ಯಾವುದಿದ್ದರೂ ಸ್ಕ್ಯಾನ್ ಮಾಡಿಸಿ. ಸಿರಿಗೆ ಹಾಗಿಲ್ಲ ಅನ್ನಿಸುತ್ತೆ. ಆದರೂ ಡಾಕ್ಟರ್ ಬಂದಾಗ ಅಂಡಾಶಯ ಒಮ್ಮೆ ನೋಡಿಬಿಡಲಿ.

ಹುರುಳಿಕಟ್ಟು

ಹಾಗಾದ್ರೆ ತಲೆನೋವೇ ಬೇಡ, ಎರಡೂ ಅಂಡಾಶಯ ತೆಗೆಸಿಬಿಟ್ಟರೆ? ನಾಯಿಗೆ ಮಾಡಿಸಲ್ವಾ?

ದನದ_ಡಾಕ್ಟ್ರು

ಕುದುರೆ ನಾಯಿಯಲ್ಲ, ಅಲ್ಲೇ ಇರೋದು ತಮಾಷೆ. ಹೆಣ್ಣು ಕುದುರೆಗೆ ಬೆದೆ ತೋರಿಸೋಕೆ ಈಸ್ಟ್ರೋಜೆನ್ ಅನ್ನೋ ಬೆದೆ ಹಾರ್ಮೋನ್ ಸ್ವಲ್ಪವೇ ಸಾಕು, ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಯಿಂದ ಬರುವಷ್ಟಿದ್ದರೂ ಆಗುತ್ತೆ. ತಡೆಯುವುದು ಪ್ರೊಜೆಸ್ಟರಾನ್. ಅಂಡಾಶಯ ತೆಗೆದರೆ ತಡೆಯುವುದೂ ಹೋಯ್ತು. ಆಪರೇಶನ್ ಆದ ಮೇಲೂ ಬಾಲ ಎತ್ತಿಕೊಂಡು ನಿಲ್ಲುವ ಕುದುರೆಗಳಿವೆ, ಅದೂ ಯಾವ ದಿನ ಬೇಕಾದರೂ. ಸ್ಟಡ್ ಫಾರ್ಮುಗಳಲ್ಲಿ ಬೀಜದ ಕುದುರೆಯಿಂದ ವೀರ್ಯ ತೆಗೆಯುವಾಗ ಮುಂದೆ ನಿಲ್ಲಿಸೋಕೆ ಇಂಥ ಹೆಣ್ಣುಗಳನ್ನೇ ಇಟ್ಟುಕೊಳ್ಳೋದೂ ಉಂಟು. ಲೆಕ್ಕ ಹಾಕಿ.

ಮೆಲ್ಬರ್ನ್_ಮಂಡ್ಯ

ಗೋಲಿ ಕಥೆ ಯಾರೂ ಹೇಳಲಿಲ್ಲವಲ್ಲ! ಗರ್ಭಕೋಶದೊಳಗೆ 35 ಮಿಲಿಮೀಟರ್ ಗಾಜಿನ ಗೋಲಿ ಇಡೋದು. ಗಬ್ಬ ಆಗಿದ್ದೀನಿ ಅಂತ ಕುದುರೆ ನಂಬಿಬಿಡುತ್ತೆ ಅನ್ನೋ ಲೆಕ್ಕ. ಹತ್ತು ಕುದುರೆಗೆ ಹಾಕಿದರೆ ನಾಲ್ಕಕ್ಕೆ ಕೆಲಸ ಮಾಡ್ತಿತ್ತು, ಅದೂ ಮೂರು ತಿಂಗಳು. ಆಮೇಲೆ ಗೋಲಿ ಒಳಗೇ ಒಡೆದ ಪ್ರಕರಣ, ಮರೆತೇ ಹೋಗಿ ವರ್ಷಗಟ್ಟಲೆ ಉಳಿದ ಪ್ರಕರಣ ಬಂದವು. ಈಗ ಡಾಕ್ಟರುಗಳು ಬೇಡ ಅಂತಾರೆ. ಯಾರಾದ್ರೂ ಹೇಳಿದರೆ ಓಡಿ.

ಕನಕಪುರ_ರೋಡ್ (ಏಳು ವಾರದ ನಂತರ)

ವಾಪಸ್ ಬಂದೆ. ಕ್ಯಾಲೆಂಡರ್ ಜೊತೆ. ಹಾಲಿನ ಡೈರಿಯಿಂದ ಕೊಟ್ಟ ಕ್ಯಾಲೆಂಡರ್, ದೇವರ ಫೋಟೋ ಕೆಳಗೆ ಸಿರಿಯ ಬೆದೆ ಲೆಕ್ಕ. ಅತ್ತೆಯವರಿಗೆ ಸ್ವಲ್ಪ ಸಿಟ್ಟು.

49 ದಿನ ಬರೆದೆ. ಬೆದೆ ಲಕ್ಷಣ ಶುರುವಾಗಿದ್ದು 4ನೇ ದಿನ, 25ನೇ ದಿನ, 47ನೇ ದಿನ. ಮೊದಲ ಸಲ ಆರು ದಿನ, ಎರಡನೇ ಸಲ ಐದು ದಿನ. ಗಡಿಯಾರದ ಹಾಗೆ! ಆ ದಿನಗಳಲ್ಲಿ ಸಿರಿ ಡಾಕ್ಟ್ರು ಹೇಳಿದಂತೆ ಮೆತ್ತಗೆ, ಸೋಮಾರಿ. ನಮ್ಮ ಗಂಡು ಕುದುರೆಯ ಕಡೆ ಬೆನ್ನು ಹಾಕಿ ನಿಂತಿರ್ತಾಳೆ, ಅವನು ಪಾಪ ಹುಲ್ಲು ಮೇಯ್ತಾ ಇರ್ತಾನೆ.

ಈಗ ಇನ್ನೊಂದು ಕಾಲಂ. ಸವಾರಿ ಮಾಡಿದ್ದು 34 ದಿನ. ಗಿರ್ತ್ ಕಟ್ಟುವಾಗ ಗಲಾಟೆ ಆಗಿದ್ದು 29 ದಿನ! ಬೆದೆ ಇರಲಿ, ಇಲ್ಲದಿರಲಿ. ತಿಂಗಳಿಗೊಮ್ಮೆ ಅಂತ ನಾನು ಹೇಳಿದ್ದು ಶುದ್ಧ ಸುಳ್ಳು. ಉಳಿದ ದಿನದ್ದನ್ನು ನೋಡಿಯೂ ನೋಡದ ಹಾಗೆ ಇದ್ದೆ ಅಷ್ಟೇ.

ಜೀನು_ಲಗಾಮು

ಇದಕ್ಕೇ ನಾನು ಕೇಳಿದ್ದು. ಏನು ತಿನ್ನಿಸ್ತೀರಿ, ಎಷ್ಟು ಹೊತ್ತಿಗೆ?

ಕನಕಪುರ_ರೋಡ್

ಬೆಳಗ್ಗೆ ಆರಕ್ಕೆ ಬೇಯಿಸಿದ ಹುರುಳಿ, ಬೂಸಾ. ಎಂಟಕ್ಕೆ ಸವಾರಿ. ಹತ್ತಕ್ಕೆ ಹುಲ್ಲು. ಸಂಜೆ ಐದಕ್ಕೆ ಮತ್ತೆ ಹುರುಳಿ, ಬೂಸಾ, ರಾತ್ರಿಗೆ ಒಂದು ಹೊರೆ ಹುಲ್ಲು. ಅದು ಒಂಬತ್ತು ಗಂಟೆಗೆಲ್ಲ ಖಾಲಿ.

ದನದ_ಡಾಕ್ಟ್ರು

ಒಂಬತ್ತರಿಂದ ಬೆಳಗ್ಗೆ ಆರರ ತನಕ ಹೊಟ್ಟೆ ಖಾಲಿ. ಕುದುರೆ ಹೊಟ್ಟೆಯಲ್ಲಿ ಆಸಿಡ್ ನಮ್ಮ ಹಾಗೆ ಊಟದ ಹೊತ್ತಿಗೆ ಹೆಚ್ಚಾಗಿ ಬರೋದಲ್ಲ, ಇಪ್ಪತ್ತನಾಲ್ಕು ಗಂಟೆಯೂ ಸುರೀತಾ ಇರುತ್ತೆ. ಅದನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗ ಮಾತ್ರ ಬರುತ್ತೆ. ಹೊಟ್ಟೆಯ ಮೇಲಿನ ಭಾಗಕ್ಕೆ ಲೋಳೆಯ ರಕ್ಷಣೆಯೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆಸಿಡ್ ಮೇಲಕ್ಕೆ ಎರಚುತ್ತೆ. ರೇಸ್ ತರಬೇತಿಯಲ್ಲಿರುವ ಹತ್ತು ಕುದುರೆಗಳನ್ನು ನೋಡಿದರೆ ಆರರಿಂದ ಒಂಬತ್ತಕ್ಕೆ ಹೊಟ್ಟೆಯಲ್ಲಿ ಹುಣ್ಣು ಸಿಗುತ್ತೆ. ಸಿರಿ ಅಲ್ಲಿಂದಲೇ ಬಂದವಳು ಅಲ್ವಾ.

ಗಿರ್ತ್ ಕಟ್ಟುವಾಗ ಸಿಟ್ಟಾಗುವುದಕ್ಕೆ ಹುಣ್ಣು ಒಂದು ಕಾರಣ. ಸ್ಯಾಡಲ್ ಸರಿ ಕೂರದಿರುವುದು, ಬೆನ್ನು ನೋವು, ಮೂತ್ರದ ಸೋಂಕು ಇವೂ ಇರಬಹುದು. ಎಂಡೋಸ್ಕೋಪಿ, ಅಂದ್ರೆ ಹೊಟ್ಟೆಯೊಳಗೆ ಕ್ಯಾಮೆರಾ ಪೈಪ್ ಬಿಟ್ಟು ನೋಡೋದು, ಮಾಡಿಸಿದರೆ ಹುಣ್ಣು ಇದೆಯೋ ಇಲ್ಲವೋ ಖಚಿತ ಆಗುತ್ತೆ. ಮೂರು ಮೀಟರ್ ಪೈಪಿನದು ಬೇಕು, ಮನುಷ್ಯರದ್ದು ಅರ್ಧ ದಾರಿಗೂ ಸಾಲಲ್ಲ.

ಕನಕಪುರ_ರೋಡ್ (ಮತ್ತೆ ಎರಡು ವಾರದ ನಂತರ)

ಮಾಡಿಸಿದೆ. ಹಿಂದಿನ ರಾತ್ರಿಯಿಂದ ಮೇವು ಬಂದ್. ಮೂಗಿನಿಂದ ಪೈಪ್ ಬಿಟ್ಟರು, ನಾನು ಪರದೆ ನೋಡ್ತಾ ನಿಂತೆ. ಮೊದಲು ಗುಲಾಬಿ ಸುರಂಗ, ಆಮೇಲೆ ಬಿಳಿ ಗೋಡೆ. ಆ ಬಿಳಿ ಗೋಡೆ ಮುಗಿದು ಕೆಂಪು ಶುರುವಾಗುವ ಗೆರೆ ಉದ್ದಕ್ಕೂ ಹಳದಿ ಹಳದಿ ಗುಂಡಿ. ಕೆಲವು ಕಡೆ ರಕ್ತ ಜಿನುಗ್ತಿತ್ತು. ನನ್ನ ಹೊಟ್ಟೆ ಚುರ್ ಅಂತು. ಹದಿನಾರು ತಿಂಗಳು ಈ ಹೊಟ್ಟೆ ಮೇಲೆ ಬೆಲ್ಟ್ ಬಿಗಿದು, ಕಿರುಚಿದರೆ "ನಾಟಕ ಆಡ್ತಾಳೆ" ಅಂತ ನಕ್ಕಿದ್ದೀನಿ.

ಅಂಡಾಶಯ ಎರಡೂ ಸರಿ ಇವೆ. ಗಡ್ಡೆ ಇಲ್ಲ.

ಹುರುಳಿಕಟ್ಟು

ಔಷಧಿ ಆಸಿಡ್ ಕಡಿಮೆ ಮಾಡೋ ಒಮೆಪ್ರಜೋಲ್ ತಾನೇ? ಮೆಡಿಕಲ್ ಸ್ಟೋರ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ, ನಾನೇ ದಿನಾ ತಿಂತೀನಿ. 😄

ದನದ_ಡಾಕ್ಟ್ರು

ಲೆಕ್ಕ ಮಾಡಿ. ಕೆಜಿಗೆ 4 ಮಿಲಿಗ್ರಾಂ, 450 ಕೆಜಿಗೆ 1800 ಮಿಲಿಗ್ರಾಂ. ನಿಮ್ಮ 20 ಮಿಲಿಗ್ರಾಂ ಕ್ಯಾಪ್ಸೂಲ್ ದಿನಕ್ಕೆ 90. ಒಂದು ತಿಂಗಳು. ಬಿಚ್ಚಿ ಅರೆದು ಕೊಟ್ಟರೆ ಹೊಟ್ಟೆಯ ಆಸಿಡ್ಡಿಗೇ ಔಷಧಿ ಕರಗಿ ವ್ಯರ್ಥ. ಕುದುರೆಗೆ ಅಂತಲೇ ಮಾಡಿದ ಪೇಸ್ಟನ್ನು ನಿಮ್ಮ ಡಾಕ್ಟರ್ ಹೇಳಿದಷ್ಟು, ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮೇವು.

ಸವಾರಿಗೆ ಮುಂಚೆ ಒಂದೆರಡು ಹಿಡಿ ಲೂಸರ್ನ್, ಅಂದ್ರೆ ನಮ್ಮ ಕುದುರೆ ಮಸಾಲೆ ಸೊಪ್ಪು ತಿನ್ನಿಸಿ. ಅದರ ಸುಣ್ಣದಂಶ ಆಸಿಡ್ಡನ್ನು ತಣಿಸುತ್ತೆ, ಸೊಪ್ಪು ಹೊಟ್ಟೆಯಲ್ಲಿ ಚಾಪೆ ಹಾಸಿದ ಹಾಗೆ ಕೂತು ಎರಚೋದನ್ನೂ ತಡೆಯುತ್ತೆ. ರಾತ್ರಿ ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿ. ಒಂಬತ್ತಕ್ಕೆ ಮುಗಿಯೋದು ಎರಡು ಗಂಟೆ ತನಕ ಬರುತ್ತೆ.

ಟಾಂಗಾ_ಮೈಸೂರು

ನಮ್ಮ ತಾತ ಗಾಡಿ ಹೂಡೋ ಮುಂಚೆ ಒಂದು ಕಟ್ಟು ಹಸಿ ಹುಲ್ಲು ಹಾಕ್ತಿದ್ದರು. ಯಾಕೆ ತಾತ ಅಂದ್ರೆ "ಬರಿ ಹೊಟ್ಟೇಲಿ ನೀನು ಕೆಲಸಕ್ಕೆ ಹೋಗ್ತೀಯೇನೋ" ಅಂತಿದ್ದರು.

ಕನಕಪುರ_ರೋಡ್

ಇನ್ನೊಂದು ಪ್ರಶ್ನೆ ಉಳೀತು. ಹುಣ್ಣು ವಾಸಿ ಆದರೂ ಬೆದೆ ದಿನಗಳು ಇರ್ತವಲ್ಲ. ಜುಲೈನಲ್ಲಿ ಒಂದು ಸಣ್ಣ ಶೋ ಇದೆ, ಮಗಳು ಸಿರಿಯನ್ನೇ ಹತ್ತಬೇಕು ಅಂತಾಳೆ. ಆ ವಾರ ಮಾತ್ರ ಬೆದೆ ಬರದ ಹಾಗೆ ಮಾಡೋಕೆ ನಮ್ಮ ಡಾಕ್ಟರ್ ಆಲ್ಟ್ರೆನೊಜೆಸ್ಟ್ ಅಂತ ಎಣ್ಣೆ ಥರದ ಔಷಧಿ ಹೇಳಿದರು. ದಿನಕ್ಕೆ 9 ಮಿಲಿ, ಮೇವಿನ ಮೇಲೆ.

ದನದ_ಡಾಕ್ಟ್ರು

ಕೆಲಸ ಮಾಡುವ ಔಷಧಿ ಅಂದ್ರೆ ಅದೇ. ಪ್ರೊಜೆಸ್ಟರಾನ್‌ನ ತಮ್ಮ ಅಂದ್ಕೊಳ್ಳಿ. ಶುರು ಮಾಡಿದ ಎರಡು ಮೂರು ದಿನಕ್ಕೆ ಬೆದೆ ಲಕ್ಷಣ ನಿಲ್ಲುತ್ತೆ. ಲೆಕ್ಕವೂ ಸರಿ ಇದೆ. ಸ್ಪರ್ಧೆಗೆ ಕೊಡುವ ಮುಂಚೆ ನಡೆಸುವವರ ನಿಯಮ ಕೇಳಿ.

ನನ್ನ ಪ್ರಶ್ನೆ ಬೇರೆ. ಆ ಔಷಧಿ ದಿನಾ ಯಾರು ಹಾಕ್ತಾರೆ?

ಕನಕಪುರ_ರೋಡ್

ಸೈಸ್ ಹೆಂಡತಿ. ಬೆಳಗಿನ ಹುರುಳಿ ಕಲಸೋದು ಅವಳೇ, ಕೈಯಲ್ಲೇ. ಯಾಕೆ? ಅವಳಿಗೀಗ ಐದು ತಿಂಗಳು.

ದನದ_ಡಾಕ್ಟ್ರು

ಬೇಡವೇ ಬೇಡ. ಬಾಟಲಿ ಬಂದಿದ್ದರೆ ಇವತ್ತೇ ಬೀಗ ಹಾಕಿದ ಕಪಾಟಿನಲ್ಲಿ ಇಡಿ.

ಅದು ಚರ್ಮದ ಮೂಲಕವೇ ಮೈಗೆ ಇಳಿಯುತ್ತೆ. ಬಸುರಿಯರು ಮುಟ್ಟಲೇಬಾರದು. ಮಕ್ಕಳಾಗುವ ವಯಸ್ಸಿನ ಹೆಂಗಸರೂ ಹುಷಾರಾಗಿರಬೇಕು, ಮುಟ್ಟಿನ ದಿನಗಳೇ ಏರುಪೇರಾಗುತ್ತೆ. ಅಂದ್ರೆ ನೀವೂ, ನಿಮ್ಮ ಮಗಳೂ. ಮಾಮೂಲಿ ಲ್ಯಾಟೆಕ್ಸ್ ಗ್ಲೌಸ್ ಸಾಲದು, ಅದರೊಳಗಿಂದ ಇಳಿಯುತ್ತೆ. ನೈಟ್ರೈಲ್ ಅಥವಾ ವಿನೈಲ್ ಬೇಕು. ಔಷಧಿ ಹಾಕಿದ ಬಕೆಟ್ ತೊಳೆಯೋದು ಯಾರು? ಕುದುರೆ ತಿಂದು ಮಿಕ್ಕಿದ್ದನ್ನು ಬಾಚೋದು ಯಾರು? ಇಷ್ಟಕ್ಕೂ ಉತ್ತರ ಇದ್ದರೆ ಮಾತ್ರ ಮುಂದಿನ ಮಾತು.

ಕನಕಪುರ_ರೋಡ್

ಕೈ ನಡುಗ್ತಿದೆ ಓದಿ. ಬಾಟಲಿ ನಿನ್ನೆ ಬಂತು, ಇನ್ನೂ ಒಡೆದಿಲ್ಲ. ವಾಪಸ್ ಕಳಿಸ್ತಿದ್ದೀನಿ. ನಮ್ಮಲ್ಲಿ ಯಾರೂ ಇದರ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಮೆಲ್ಬರ್ನ್_ಮಂಡ್ಯ

ಇಲ್ಲಿ ಆ ಬಾಟಲಿಗೆ ಬೇರೆಯೇ ಶೆಲ್ಫ್, ಬೇರೆಯೇ ಬಕೆಟ್ ಇದೆ. ಬಕೆಟ್ಟಿಗೆ ಕೆಂಪು ಟೇಪ್. ಹುಡುಗಿಯರು ಯಾರೂ ಮುಟ್ಟಲ್ಲ, ನಾನೇ ಹಾಕೋದು, ಗ್ಲೌಸ್ ಹಾಕ್ಕೊಂಡು.

ಆಕ್ಸಿಟೋಸಿನ್ ದಾರಿ ಇದೆಯಲ್ಲ ಡಾಕ್ಟ್ರೇ? ಅಂಡ ಬಿಡುಗಡೆ ಆದ 7ನೇ ದಿನದಿಂದ 14ನೇ ದಿನದ ತನಕ ದಿನಾ ಒಂದು ಚುಚ್ಚು, ಆಮೇಲೆ ಒಂದೆರಡು ತಿಂಗಳು ಬೆದೆ ಬರಲ್ಲ ಅಂತಾರೆ.

ದನದ_ಡಾಕ್ಟ್ರು

ಇದೆ. ಮೂರರಲ್ಲಿ ಎರಡು ಕುದುರೆಗೆ ಹಿಡಿಯುತ್ತೆ ಅಂದ್ಕೊಳ್ಳಿ. ಎಮ್ಮೆ ಹಾಲು ಇಳಿಸೋಕೆ ಕದ್ದು ಚುಚ್ತಾರಲ್ಲ, ಅದೇ ಹಾರ್ಮೋನ್. ಆದರೆ ಅಂಡ ಬಿಟ್ಟ ದಿನ ಸ್ಕ್ಯಾನ್‌ನಲ್ಲಿ ಗೊತ್ತಾಗಬೇಕು, ಚುಚ್ಚೋದು ಡಾಕ್ಟರ್ ಲೆಕ್ಕದಲ್ಲೇ ಆಗಬೇಕು. ಸಿರಿ ಎಂಟು ದಿನ ಚುಚ್ಚಿಸಿಕೊಳ್ಳುತ್ತಾಳಾ?

ಕನಕಪುರ_ರೋಡ್

ಎರಡನೇ ದಿನಕ್ಕೆ ಸೂಜಿ ನೋಡಿ ಕನಕಪುರಕ್ಕೇ ಓಡ್ತಾಳೆ. ಬೇಡ.

ಜೀನು_ಲಗಾಮು

ಕ್ಯಾಲೆಂಡರ್ ಇದೆಯಲ್ಲ, ಮುಂದಕ್ಕೆ ಎಣಿಸಿ ನೋಡಿ. ಶೋ ದಿನ ಬೆದೆ ಬರುತ್ತಾ ಇಲ್ವಾ ಅಂತ ಈಗಲೇ ಒಂದು ಅಂದಾಜು ಸಿಗುತ್ತೆ. ಬಂದರೂ ಆಕಾಶ ಬೀಳಲ್ಲ. ಬೆದೆ ದಿನ ನಾನು ಮಾಡೋದು ಇಷ್ಟು: ಮೈ ಉಜ್ಜಿ ಖರಾರ ಹಾಕುವಾಗ ಪಕ್ಕೆ, ತೊಡೆ ಸಂದಿಗೆ ಗಟ್ಟಿ ಬ್ರಷ್ ಬೇಡ, ಬಟ್ಟೆ ಸಾಕು. ಗಿರ್ತ್ ಒಂದೇ ಸಲ ಎಳೆಯದೆ ಮೂರು ಸಲಕ್ಕೆ, ನಡುವೆ ಹತ್ತು ಹೆಜ್ಜೆ ನಡೆಸಿ. ಹಿಮ್ಮಡಿ ಒತ್ತಿದಾಗ ಕಿರುಚಿದರೆ ಚಾಟಿ ತೋರಿಸಬೇಡಿ, ವೃತ್ತ ದೊಡ್ಡದು ಮಾಡಿ, ಬೇರೆ ಕೆಲಸ ಕೊಡಿ. ಸಾಲಿನಲ್ಲಿ ಹಿಂದೆ ಬೇರೆ ಕುದುರೆ ಹತ್ತಿರ ಬರದ ಹಾಗೆ ನೋಡಿ. ಬಾಲಕ್ಕೆ ಒಂದು ಕೆಂಪು ರಿಬ್ಬನ್ ಕಟ್ಟಿದರೆ ಗೊತ್ತಿದ್ದವರು ದೂರ ಇರ್ತಾರೆ. ಗೊತ್ತಿಲ್ಲದವರು "ಎಷ್ಟು ಚೆನ್ನಾಗಿ ಅಲಂಕಾರ ಮಾಡಿದ್ದೀರಿ" ಅಂತ ಹತ್ತಿರ ಬರ್ತಾರೆ. ಅವರನ್ನು ನೀವೇ ಕಾಯಬೇಕು.

ಬೆಳಗಾವಿ_ಬಿಳಿಕುದುರೆ

ಮರಿ ಹಾಕಿಸೋ ಮಾತು ಏನಾತ್ರಿ? ನಿಮ್ಮ ಸೈಸ್ ಬಿಟ್ಟಾನೇನು?

ಕನಕಪುರ_ರೋಡ್

ಬಿಟ್ಟ. ಡಾಕ್ಟರ್ ಅವನಿಗೆ ಎದುರು ಕೂರಿಸಿ ಹೇಳಿದರು: "ಹನ್ನೊಂದು ತಿಂಗಳು ಗಬ್ಬ, ಮರಿ ಹಾಕಿದ ಒಂದು ವಾರ ಹತ್ತು ದಿನಕ್ಕೆ ಮತ್ತೆ ಬೆದೆ. ಆಗ ಬೆದೆಯೂ ಇರುತ್ತೆ, ಮರಿಯೂ ಇರುತ್ತೆ, ಮರಿ ಕಾಯೋ ತಾಯಿ ಸಿಟ್ಟೂ ಇರುತ್ತೆ. ಮೂರನ್ನೂ ನೀನೇ ನೋಡ್ಕೊಳ್ತೀಯಾ?" ಅವನು ತಲೆ ಕೆರ್ಕೊಂಡು ಹುಲ್ಲು ತರೋಕೆ ಹೋದ.

ಕನಕಪುರ_ರೋಡ್ (ಜುಲೈ)

ಕೊನೆಯ ಸುದ್ದಿ, ಕೇಳಿದವರಿಗೆಲ್ಲ. ಔಷಧಿ ನಾಲ್ಕು ವಾರ ಮುಗೀತು. ಮತ್ತೆ ಪೈಪ್ ಬಿಟ್ಟು ನೋಡಿದಾಗ ಗುಂಡಿಗಳು ಹೆಚ್ಚಿನವು ಮುಚ್ಚಿವೆ, ಒಂದೆರಡು ಉಳಿದಿವೆ. ಇನ್ನೊಂದಿಷ್ಟು ದಿನ ಕಡಿಮೆ ಪ್ರಮಾಣದಲ್ಲಿ ಕೊಡಿ ಅಂದಿದ್ದಾರೆ. ಗಿರ್ತ್ ಕಟ್ಟುವಾಗ ಕಿವಿ ಈಗಲೂ ಹಿಂದಕ್ಕೆ ಹೋಗುತ್ತೆ. ಕಾಲು ಎತ್ತಲ್ಲ. ಹಳೇ ನೆನಪು ಇರಬೇಕು ಅಂತ ಜೀನು_ಲಗಾಮು ಫೋನಿನಲ್ಲಿ ಹೇಳಿದರು.

ಶೋ ದಿನ ಲೆಕ್ಕದ ಪ್ರಕಾರ ಬೆದೆಯ ಎರಡನೇ ದಿನ. ಹಾಗೇ ಆಯ್ತು. ಮಗಳು ಬೆಳಗ್ಗೆ ಎದ್ದು ನೋಡಿ "ಅಮ್ಮಾ, ನಾನು ಇವತ್ತು ಅಣ್ಣನ ಮೇಲೆ ಹೋಗ್ತೀನಿ" ಅಂತ ಹಳೇ ಗಂಡು ಕುದುರೆಗೆ ಜೀನು ಹಾಕಿದಳು. ನಾಲ್ಕನೇ ಸ್ಥಾನ ಬಂತು. ಸಿರಿ ಮನೆಯಲ್ಲೇ ಇದ್ದಳು. ಅವನು ವಾಪಸ್ ಬಂದಾಗ ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು, ಬಾಲ ಪಕ್ಕಕ್ಕೆ. ಅವನು ಎಂದಿನಂತೆ ಹುಲ್ಲಿಗೆ ಬಾಯಿ ಹಾಕಿದ.

ಸೈಸ್ ಈಗ ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕ್ತಾನೆ. ಬೆದೆ ದಿನಕ್ಕೆ ಅಡ್ಡ ಗೆರೆ, ಗಲಾಟೆ ದಿನಕ್ಕೆ ಉದ್ದ ಗೆರೆ. ಉದ್ದ ಗೆರೆ ಹೋದ ತಿಂಗಳು ಎರಡೇ ಇದ್ದವು, ಅದರಲ್ಲಿ ಒಂದು ಮಗಳು ಅವಸರದಲ್ಲಿ ಗಿರ್ತ್ ಬಿಗಿದ ದಿನ.

ಟಾಂಗಾ_ಮೈಸೂರು

ಅವನ ಮನೆಯವರು ಹೇಗಿದ್ದಾರಕ್ಕಾ?

ಕನಕಪುರ_ರೋಡ್

ಎಂಟು ತುಂಬ್ತಾ ಬಂತು, ಸೀಮಂತಕ್ಕೆ ತವರಿಗೆ ಹೋಗಿದ್ದಾಳೆ. ಹುರುಳಿ ಈಗ ನಾನು ಕಲಸ್ತೀನಿ.